ಕೆ.ಸಿ. ವ್ಯಾಲಿ ನೀರು ಮತ್ತು ಸ್ಕಾಡಾ ತಂತ್ರಾಂಶ: ಕೆರೆ ಅಚ್ಚುಕಟ್ಟಿನ ರೈತರು ತಿಳಿಯಬೇಕಾದ ಅಂಶಗಳು

ಪೀಠಿಕೆ

ಬೆಂಗಳೂರು ದಕ್ಷಿಣ ಭಾಗದ ಸುದ್ದಗುಂಟೆಪಾಳ್ಯದ ಮನೆಗಳಲ್ಲಿ ಪಾತ್ರೆ ತೊಳೆದ, ಬಟ್ಟೆ ಒಗೆದ ನೀರು ಒಳಚರಂಡಿ ಸೇರಿ, ನೆಲದ ಇಳಿಜಾರನ್ನು ಅನುಸರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆಯತ್ತ ಸಾಗುತ್ತದೆ. ಜನರ ಬಾಯಲ್ಲಿ ಈ ಕಣಿವೆ ‘ಕೆ.ಸಿ. ವ್ಯಾಲಿ’ ಎಂದೇ ಪರಿಚಿತ. ಇಲ್ಲಿನ ಘಟಕಗಳಲ್ಲಿ ಶುದ್ಧೀಕರಿಸಿದ ನೀರನ್ನು 2018ರ ಜೂನ್ ತಿಂಗಳಿನಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆ ಮಾರ್ಗದ ಮೂಲಕ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ನೀರಿನಿಂದ 126 ಕೆರೆಗಳನ್ನು ತುಂಬಿಸಿ ಅಂತರ್ಜಲ ಹೆಚ್ಚಿಸುವುದು ಯೋಜನೆಯ ಗುರಿ. ಈ ನೀರನ್ನು ನೇರವಾಗಿ ಬೆಳೆಗೆ ಹಾಯಿಸಲು ಅವಕಾಶವಿಲ್ಲ. ಕೆರೆಯಲ್ಲಿ ನಿಂತು, ನೆಲಕ್ಕೆ ಇಂಗಿ, ಕೊಳವೆಬಾವಿಯ ಮೂಲಕವೇ ಅದು ಹೊಲ ಸೇರಬೇಕು.

ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಜಿಲ್ಲೆಗೆ ಇದು ದೊಡ್ಡ ಆಸರೆ. ಆದರೆ ಮೊದಲು ನೀರು ಪಡೆದ ಲಕ್ಷ್ಮೀಸಾಗರ ಕೆರೆಯಲ್ಲಿ 2018ರ ಜುಲೈನಲ್ಲಿ ನೊರೆ ಕಾಣಿಸಿಕೊಂಡು, ನೀರು ಹರಿಸುವುದನ್ನು ತಡೆಯಬೇಕಾಯಿತು. ವಿಷಯವು ಹೈಕೋರ್ಟಿನಲ್ಲೂ ಬಳಿಕ ಸುಪ್ರೀಂ ಕೋರ್ಟಿನಲ್ಲೂ ವಿಚಾರಣೆಗೆ ಬಂದಿತು. ಅಂದಿನಿಂದ ರೈತರ ಸಭೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಎಲ್ಲವನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎನ್ನುತ್ತಾರೆ, ಅದನ್ನು ನಂಬಬಹುದೇ?’ ಶುದ್ಧೀಕರಣ ಘಟಕಗಳಲ್ಲಿ ಬಳಸುವ ಸ್ಕಾಡಾ ತಂತ್ರಾಂಶ ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು, ಅಳೆಯದೆ ಉಳಿದುದನ್ನು ರೈತರು ಹೇಗೆ ಪರೀಕ್ಷಿಸಿಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸ್ಕಾಡಾ ಎಂದರೇನು?

ದೂರದಲ್ಲಿರುವ ಯಂತ್ರಗಳ ಸ್ಥಿತಿಯನ್ನು ಒಂದೆಡೆ ಕುಳಿತು ನೋಡಲು, ದಾಖಲಿಸಲು ಹಾಗೂ ನಿಯಂತ್ರಿಸಲು ನೆರವಾಗುವ ತಂತ್ರಾಂಶ ವ್ಯವಸ್ಥೆಯೇ ಸ್ಕಾಡಾ. ವಿದ್ಯುತ್ ಜಾಲ, ಕುಡಿಯುವ ನೀರಿನ ಪೂರೈಕೆ, ಹಾಲಿನ ಡೇರಿ, ಸಕ್ಕರೆ ಕಾರ್ಖಾನೆ ಮುಂತಾದೆಡೆ ಇದರ ಬಳಕೆ ವ್ಯಾಪಕವಾಗಿದೆ. ಇದರಲ್ಲಿ ನಾಲ್ಕು ಅಂಗಗಳಿವೆ.

1. ಸಂವೇದಕಗಳು: ನೀರಿನ ಮಟ್ಟ, ಹರಿವು, ರಸಸಾರ, ಕರಗಿದ ಆಮ್ಲಜನಕ ಮುಂತಾದವನ್ನು ಅಳೆದು ವಿದ್ಯುತ್ ಸಂಕೇತವಾಗಿ ಕಳುಹಿಸುವ ಉಪಕರಣಗಳು.

2. ಪಿ.ಎಲ್.ಸಿ.: ಸಂಕೇತವನ್ನು ಓದಿ, ಮೊದಲೇ ಬರೆದಿಟ್ಟ ಸೂಚನೆಯಂತೆ ಪಂಪು, ವಾಲ್ವುಗಳನ್ನು ಚಾಲೂ ಅಥವಾ ಬಂದ್ ಮಾಡುವ ಸಣ್ಣ ಗಣಕ. ಇದರ ಕಲ್ಪನೆ ಅಮೆರಿಕದ ಮೋಟಾರು ವಾಹನ ಉದ್ಯಮದ ಅಗತ್ಯದಿಂದ 1968ರಲ್ಲಿ ರೂಪುಗೊಂಡಿತು.

3. ಸಂಪರ್ಕ ಜಾಲ: ತಂತಿ, ಆಪ್ಟಿಕಲ್ ಫೈಬರ್, ರೇಡಿಯೋ ಅಥವಾ ಮೊಬೈಲ್ ಜಾಲದ ಮೂಲಕ ಮಾಹಿತಿಯನ್ನು ನಿಯಂತ್ರಣ ಕೊಠಡಿಗೆ ತಲುಪಿಸುವ ವ್ಯವಸ್ಥೆ.

4. ಪರದೆ ಮತ್ತು ದಾಖಲೆ: ಘಟಕದ ನಕ್ಷೆಯನ್ನು ಪರದೆಯ ಮೇಲೆ ತೋರಿಸಿ, ಮಿತಿ ಮೀರಿದಾಗ ಎಚ್ಚರಿಕೆ ನೀಡಿ, ಪ್ರತಿಯೊಂದು ಅಂಕಿಯನ್ನೂ ಸಮಯದೊಂದಿಗೆ ಕಾಯ್ದಿಡುವ ಭಾಗ.

ಹೊಲಕ್ಕೆ ಹೋಲಿಸಿ ಹೇಳುವುದಾದರೆ, ಸಂವೇದಕವು ತೇವ ನೋಡುವ ಬೆರಳು, ಪಿ.ಎಲ್.ಸಿ. ಗೇಟುವಾಲ್ವು ತಿರುಗಿಸುವ ಕೈ. ಪರದೆಯು ನೀರುಗಂಟಿಯ ಲೆಕ್ಕದ ಪುಸ್ತಕ. ಬೆರಳು ಮರಗಟ್ಟಿದರೆ ಕೈಯೂ ತಪ್ಪುತ್ತದೆ, ಪುಸ್ತಕವೂ ತಪ್ಪುತ್ತದೆ.

ಶುದ್ಧೀಕರಣ ಘಟಕದಲ್ಲಿ ಸ್ಕಾಡಾದ ಕೆಲಸ

ಬಹುಪಾಲು ದೊಡ್ಡ ಘಟಕಗಳಲ್ಲಿ ಕೊಳಚೆಯನ್ನು ತಿಳಿಯಾಗಿಸುವುದು ಯಂತ್ರವಲ್ಲ, ಸೂಕ್ಷ್ಮಾಣು ಜೀವಿಗಳು. ಗಾಳಿಯಾಡಿಸುವ ತೊಟ್ಟಿಯಲ್ಲಿ ಅವು ಸಾವಯವ ಕಲ್ಮಶವನ್ನು ತಿಂದು ಬೆಳೆಯುತ್ತವೆ. ಇದಕ್ಕೆ ಆಮ್ಲಜನಕ ಬೇಕು. ತೊಟ್ಟಿಯಲ್ಲಿ ಕರಗಿದ ಆಮ್ಲಜನಕವನ್ನು ಪ್ರತಿ ಲೀಟರಿಗೆ ಸುಮಾರು 2 ಮಿ.ಗ್ರಾಂ. ಮಟ್ಟದಲ್ಲಿ ಕಾಯ್ದುಕೊಳ್ಳುವುದು ಸಾಮಾನ್ಯ ರೂಢಿ. ಬೆಳಗಿನ ಹೊತ್ತು ನಗರದ ಬಳಕೆ ಏರಿ ಕಲ್ಮಶದ ಹೊರೆ ಹೆಚ್ಚಿದಾಗ ಆಮ್ಲಜನಕ ಕುಸಿಯುತ್ತದೆ, ಆಗ ಪಿ.ಎಲ್.ಸಿ. ಬ್ಲೋವರ್‌ಗಳ ವೇಗವನ್ನು ಹೆಚ್ಚಿಸುತ್ತದೆ. ನಡುರಾತ್ರಿ ಹೊರೆ ಇಳಿದಾಗ ವೇಗವನ್ನು ತಗ್ಗಿಸುತ್ತದೆ. ಘಟಕದ ವಿದ್ಯುತ್ ವೆಚ್ಚದಲ್ಲಿ ಗಾಳಿಯಾಡಿಸುವಿಕೆಯ ಪಾಲೇ ದೊಡ್ಡದಾದ್ದರಿಂದ ಈ ನಿಯಂತ್ರಣದಿಂದ ಉಳಿತಾಯವೂ ಆಗುತ್ತದೆ.

ಕೆಸರನ್ನು ಮರಳಿಸುವ ಪಂಪು, ಕ್ಲೋರಿನ್ ಪ್ರಮಾಣ, ಹೊರಹರಿವಿನ ಲೆಕ್ಕ ಇವುಗಳೂ ಸ್ಕಾಡಾದ ವ್ಯಾಪ್ತಿಗೆ ಬರುತ್ತವೆ. ವಿದ್ಯುತ್ ಕಡಿತದಿಂದ ಬ್ಲೋವರ್‌ಗಳು ದೀರ್ಘಕಾಲ ನಿಂತರೆ ಜೀವಿಗಳು ಸೊರಗುತ್ತವೆ, ಮಾರ್ಜಕದ ಅಂಶ ಪೂರ್ತಿ ವಿಘಟನೆಯಾಗದೆ ಮುಂದೆ ಸಾಗುತ್ತದೆ. ಅಂತಹ ನೀರು ಎತ್ತರದಿಂದ ಧುಮುಕಿದೆಡೆ ನೊರೆ ಏಳುತ್ತದೆ. ಆದ್ದರಿಂದ ನೊರೆ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, ‘ಹಿಂದಿನ ಎರಡು ದಿನಗಳಲ್ಲಿ ಘಟಕದ ಆಮ್ಲಜನಕದ ದಾಖಲೆ ಹೇಗಿತ್ತು?’ ಎಂಬುದು. ಸ್ಕಾಡಾ ಇದ್ದಲ್ಲಿ ಈ ಪ್ರಶ್ನೆಗೆ ಗಂಟೆಗಂಟೆಯ ಉತ್ತರವಿರುತ್ತದೆ. ಇದೇ ಅದರ ಬಹುಮುಖ್ಯ ಉಪಯೋಗ.

ಪರದೆ ಹೇಳಲಾರದ ಸಂಗತಿಗಳು

ಕೇಂದ್ರ ಪರಿಸರ ಸಚಿವಾಲಯದ 2017ರ ಅಕ್ಟೋಬರ್ ಅಧಿಸೂಚನೆಯು ಮಹಾನಗರಗಳ ಶುದ್ಧೀಕರಣ ಘಟಕಗಳಿಗೆ ಈ ಮಿತಿಗಳನ್ನು ನಿಗದಿಪಡಿಸಿತು: ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿ.ಒ.ಡಿ., ಪ್ರತಿ ಲೀಟರಿಗೆ 20 ಮಿ.ಗ್ರಾಂ.; ತೇಲುವ ಘನವಸ್ತು 50 ಮಿ.ಗ್ರಾಂ.ಗಿಂತ ಕಡಿಮೆ, ರಸಸಾರ 6.5ರಿಂದ 9, ಮಲಜನ್ಯ ಕೋಲಿಫಾರ್ಮ್ 100 ಮಿ.ಲೀ.ಗೆ 1000ಕ್ಕಿಂತ ಕಡಿಮೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇದಕ್ಕಿಂತ ಬಿಗಿಯಾದ ಮಿತಿಗಳನ್ನು ಸೂಚಿಸಿತು.

ಇವುಗಳಲ್ಲಿ ರಸಸಾರವನ್ನು ಮಾತ್ರ ಸಂವೇದಕವು ಕ್ಷಣಕ್ಷಣಕ್ಕೆ ನೇರವಾಗಿ ಅಳೆಯುತ್ತದೆ. ತೇಲುವ ಘನವಸ್ತುವನ್ನು ಬೆಳಕಿನ ಚದುರುವಿಕೆಯಿಂದ ಅಂದಾಜು ಮಾಡಲಾಗುತ್ತದೆ. ಬಿ.ಒ.ಡಿ. ಪರೀಕ್ಷೆಗೆ ಪ್ರಯೋಗಾಲಯದಲ್ಲಿ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೂರು ದಿನ ಬೇಕು. ಪರದೆಯ ಮೇಲೆ ಕಾಣುವ ಬಿ.ಒ.ಡಿ. ಅಂಕಿಯು ನೇರಳಾತೀತ ಬೆಳಕಿನ ಹೀರಿಕೆಯಂತಹ ಬೇರೊಂದು ಅಳತೆಯಿಂದ ಲೆಕ್ಕ ಹಾಕಿದ ಅಂದಾಜು. ಕೋಲಿಫಾರ್ಮ್ ಎಣಿಕೆಗೂ ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂತಹ ಭಾರಲೋಹಗಳನ್ನು ಅಳೆಯುವ ಸಂವೇದಕಗಳು ಇಂತಹ ಘಟಕಗಳಲ್ಲಿ ಸಾಮಾನ್ಯವಲ್ಲ.

ಇನ್ನೊಂದು ಅಂಶವನ್ನು ಕೃಷಿಕರು ವಿಶೇಷವಾಗಿ ಗಮನಿಸಬೇಕು. ಎರಡನೇ ಹಂತದ ಶುದ್ಧೀಕರಣವು ಸಾವಯವ ಕಲ್ಮಶವನ್ನು ತೆಗೆಯುತ್ತದೆಯೇ ಹೊರತು ಕರಗಿದ ಲವಣವನ್ನಲ್ಲ. ಸೋಪು, ಅಡುಗೆ ಉಪ್ಪಿನಿಂದ ಬಂದ ಸೋಡಿಯಂ ಘಟಕವನ್ನು ದಾಟಿ ಹಾಗೆಯೇ ಹೊರಬರುತ್ತದೆ. ಘಟಕದ ಎಲ್ಲ ಅಂಕಿಗಳೂ ಪರದೆಯ ಮೇಲೆ ಹಸಿರಾಗಿದ್ದಾಗಲೂ ಮಣ್ಣಿಗೆ ಲವಣದ ಹೊರೆ ಸಂಚಯವಾಗುತ್ತಿರಬಹುದು. ಇದು ತಂತ್ರಾಂಶದ ದೋಷವಲ್ಲ. ಅದನ್ನು ಆ ಕೆಲಸಕ್ಕೆ ನಿಲ್ಲಿಸಿಲ್ಲ.

ಅಂಕಿ ದಾರಿ ತಪ್ಪುವ ಬಗೆ

ಸಂವೇದಕದ ತುದಿಯ ಮೇಲೆ ಜೈವಿಕ ಲೋಳೆ ಕಟ್ಟಿಕೊಂಡರೆ ಅದು ನೀರನ್ನಲ್ಲ, ಲೋಳೆಯನ್ನೇ ಅಳೆಯತೊಡಗುತ್ತದೆ. ಆಮ್ಲಜನಕ ಸಂವೇದಕವು ಹೀಗೆ ಕಡಿಮೆ ತೋರಿಸಿದರೆ ಬ್ಲೋವರ್‌ಗಳು ವೃಥಾ ಓಡುತ್ತವೆ. ಹೆಚ್ಚು ತೋರಿಸಿದರೆ ಬ್ಲೋವರ್ ನಿಧಾನಗೊಂಡು ಕಲ್ಮಶ ಉಳಿಯುತ್ತದೆ. ಎರಡನೆಯ ಸಂದರ್ಭದಲ್ಲಿ ಪರದೆಯು ಎಲ್ಲವೂ ಸರಿಯಿದೆ ಎಂದೇ ಹೇಳುತ್ತದೆ. ಆದ್ದರಿಂದ ಸಂವೇದಕವನ್ನು ನಿಯಮಿತವಾಗಿ ಶುಚಿಗೊಳಿಸಿ, ಗೊತ್ತಿರುವ ಅಳತೆಯ ದ್ರಾವಣದೊಂದಿಗೆ ಹೋಲಿಸಿ ಸರಿಪಡಿಸಬೇಕು. ದಿನವಿಡೀ ಒಂದೇ ಅಂಕಿ ಕದಲದೆ ನಿಂತಿದ್ದರೆ ಅದು ಸ್ಥಿರತೆಯ ಲಕ್ಷಣವಲ್ಲ, ಸಂವೇದಕ ಕೆಟ್ಟಿರುವ ಲಕ್ಷಣ ಎಂದು ಮೊದಲು ಶಂಕಿಸುವುದು ಸೂಕ್ತ.

ಎಚ್ಚರಿಕೆ ಗಂಟೆಗಳ ಅತಿಯಾದ ಬಳಕೆಯೂ ಅಪಾಯಕಾರಿ. ಸಣ್ಣಪುಟ್ಟ ಕಾರಣಕ್ಕೆಲ್ಲ ಗಂಟೆ ಬಾರಿಸಿದರೆ ಸಿಬ್ಬಂದಿ ಅದನ್ನು ಕಡೆಗಣಿಸಲು ಕಲಿಯುತ್ತಾರೆ. ವ್ಯವಸ್ಥೆಯ ಭದ್ರತೆಯೂ ಅಷ್ಟೇ ಮುಖ್ಯ. 2000ನೇ ಇಸವಿಯಲ್ಲಿ ಆಸ್ಟ್ರೇಲಿಯಾದ ಮರೂಚಿ ಪ್ರದೇಶದಲ್ಲಿ ವ್ಯಕ್ತಿಯೊಬ್ಬ ಒಳಚರಂಡಿ ನಿಯಂತ್ರಣ ಜಾಲಕ್ಕೆ ರೇಡಿಯೋ ಮೂಲಕ ಅಕ್ರಮವಾಗಿ ನುಗ್ಗಿ, ಸುಮಾರು ಎಂಟು ಲಕ್ಷ ಲೀಟರ್ ಕೊಳಚೆಯನ್ನು ಉದ್ಯಾನ, ತೊರೆಗಳಿಗೆ ಹರಿಯಬಿಟ್ಟ ಪ್ರಕರಣವು ಈ ಕ್ಷೇತ್ರದಲ್ಲಿ ಇಂದಿಗೂ ಪಾಠವಾಗಿದೆ.

ಕೊಳವೆಯೊಳಗಿನ ಕಾಲಾವಕಾಶ

ಕೊಳವೆಯಲ್ಲಿ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಚಲಿಸುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, 50 ಕಿ.ಮೀ. ಕ್ರಮಿಸಲು ಸುಮಾರು 14 ಗಂಟೆ ಬೇಕು. ಘಟಕದ ಹೊರಬಾಗಿಲಲ್ಲಿ ದೋಷ ಪತ್ತೆಯಾದ ಕ್ಷಣದಲ್ಲೇ ಪಂಪು ನಿಂತರೆ ಕೆಟ್ಟ ನೀರು ಕೆರೆಗೆ ತಲುಪದಂತೆ ತಡೆಯಲು ಸಾಧ್ಯ. ಸ್ಕಾಡಾದಲ್ಲಿ ಇದಕ್ಕಾಗಿ ‘ಇಂಟರ್‌ಲಾಕ್’ ಎಂಬ ಏರ್ಪಾಡು ಇರುತ್ತದೆ: ನಿಗದಿತ ಮಿತಿ ಮೀರಿದರೆ ಮನುಷ್ಯನ ಅಪ್ಪಣೆಗೆ ಕಾಯದೆ ಪಂಪು ತಾನೇ ನಿಲ್ಲುತ್ತದೆ. ನೀರು ಕಳುಹಿಸುವ ಕಡೆ ಇಂತಹ ಏರ್ಪಾಡು ಇದೆಯೇ, ಯಾವ ಅಂಕಿಗೆ ಅದು ನಿಲ್ಲುತ್ತದೆ, ಕಳೆದ ತಿಂಗಳು ಎಷ್ಟು ಸಲ ನಿಂತಿತು ಎಂಬ ಮೂರು ಮಾಹಿತಿಗಳನ್ನು ಕೆರೆ ಬಳಕೆದಾರರ ಸಂಘಗಳು ಕೇಳಿ ಪಡೆಯುವುದು ಯುಕ್ತ. ಒಮ್ಮೆಯೂ ನಿಲ್ಲಲಿಲ್ಲ ಎಂಬ ಉತ್ತರಕ್ಕಿಂತ, ನಿಂತಿತು, ಕಾರಣ ಇಂಥದ್ದು, ಸರಿಪಡಿಸಿ ಮತ್ತೆ ಆರಂಭಿಸಲಾಯಿತು ಎಂಬ ಉತ್ತರವೇ ಹೆಚ್ಚು ನಂಬಿಕೆಗೆ ಅರ್ಹ.

ರೈತರು ಕೈಗೊಳ್ಳಬೇಕಾದ ಕ್ರಮಗಳು

1. ವರ್ಷಕ್ಕೆ ಎರಡು ಬಾರಿ, ಬೇಸಿಗೆಯ ಕೊನೆಯಲ್ಲಿ ಹಾಗೂ ಮುಂಗಾರಿನ ನಂತರ, ಕೊಳವೆಬಾವಿ ನೀರನ್ನು ಪರೀಕ್ಷೆಗೆ ಕಳುಹಿಸಿರಿ. ಪಂಪನ್ನು 15–20 ನಿಮಿಷ ಓಡಿಸಿ, ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು, ಒಂದು ಲೀಟರ್ ಮಾದರಿ ಸಂಗ್ರಹಿಸಿರಿ. ದಿನಾಂಕ, ಸರ್ವೆ ನಂಬರು, ಬಾವಿಯ ಆಳವನ್ನು ಬರೆದು 24 ಗಂಟೆಯೊಳಗೆ ತಲುಪಿಸಿರಿ. ಭಾರಲೋಹ ಮತ್ತು ಕೋಲಿಫಾರ್ಮ್ ಪರೀಕ್ಷೆಗೆ ಪ್ರಯೋಗಾಲಯದಿಂದಲೇ ಪ್ರತ್ಯೇಕ ಬಾಟಲಿಗಳನ್ನು ಪಡೆಯಿರಿ.

2. ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 0.75 ಡೆಸಿ ಸೀಮೆನ್ಸ್‌ಗಿಂತ ಕಡಿಮೆ ಇದ್ದರೆ ಬಹುತೇಕ ಬೆಳೆಗಳಿಗೆ ಸೂಕ್ತ. 0.75ರಿಂದ 2.25ರವರೆಗೆ ಬಸಿಗಾಲುವೆ ಸೌಲಭ್ಯ ಮತ್ತು ಸಾವಯವ ಗೊಬ್ಬರದ ಬಳಕೆ ಅಗತ್ಯ. ಅದಕ್ಕೂ ಮೀರಿದರೆ ಲವಣ ಸಹಿಸುವ ಬೆಳೆಗಳಿಗೆ ಮಾತ್ರ ಬಳಸಿರಿ. ಶೇಷ ಸೋಡಿಯಂ ಕಾರ್ಬೋನೇಟ್ ಪ್ರತಿ ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ಮೀರಿದ್ದರೆ ತಜ್ಞರ ಸಲಹೆಯಂತೆ ಜಿಪ್ಸಂ ಬಳಸಬೇಕು.

3. ನೀರಿನಲ್ಲಿರುವ ಸಾರಜನಕವನ್ನು ಗೊಬ್ಬರದ ಲೆಕ್ಕಕ್ಕೆ ಸೇರಿಸಿರಿ. ಪ್ರತಿ ಲೀಟರಿಗೆ 10 ಮಿ.ಗ್ರಾಂ. ಸಾರಜನಕವಿದ್ದರೆ, ಒಂದು ಹೆಕ್ಟೇರಿಗೆ ಒಂದು ಸೆಂ.ಮೀ. ನೀರು ಕೊಟ್ಟಾಗ 1 ಕಿ.ಗ್ರಾಂ. ಸಾರಜನಕ ಒದಗುತ್ತದೆ. ಬೆಳೆಯ ಅವಧಿಯಲ್ಲಿ 40 ಸೆಂ.ಮೀ. ನೀರು ಹಾಯಿಸಿದರೆ 40 ಕಿ.ಗ್ರಾಂ. ಇದನ್ನು ಲೆಕ್ಕಿಸದೆ ಪೂರ್ಣ ಪ್ರಮಾಣದ ಯೂರಿಯಾ ಹಾಕಿದರೆ ಟೊಮ್ಯಾಟೊ ಬೆಳೆಯಲ್ಲಿ ಸೊಪ್ಪು ಹೆಚ್ಚಿ ಫಸಲು ತಡವಾಗುತ್ತದೆ, ಕೀಟ–ರೋಗಗಳ ಬಾಧೆಯೂ ಏರುತ್ತದೆ.

4. ಅದೇ ಕೊಳವೆಬಾವಿಯ ನೀರನ್ನು ಕುಡಿಯಲು ಬಳಸುತ್ತಿದ್ದರೆ ನೈಟ್ರೇಟ್ ಪರೀಕ್ಷೆ ಕಡ್ಡಾಯವೆಂದು ಭಾವಿಸಿರಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಪ್ರತಿ ಲೀಟರಿಗೆ 45 ಮಿ.ಗ್ರಾಂ. ಕುದಿಸುವುದರಿಂದ ನೈಟ್ರೇಟ್ ಕಡಿಮೆಯಾಗುವುದಿಲ್ಲ.

5. ಕೆರೆಯ ನೀರನ್ನು ಪಂಪಿನಿಂದ ನೇರವಾಗಿ ಎತ್ತಿ ಸೊಪ್ಪು, ಸೌತೆ, ಮೂಲಂಗಿ, ಕ್ಯಾರೆಟ್‌ನಂತಹ ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಯಿಸಲೇಬಾರದು. ಹನಿ ನೀರಾವರಿ ಅಳವಡಿಸಿದರೆ ನೀರು ಎಲೆ, ಕಾಯಿಗೆ ತಾಗುವುದು ತಪ್ಪುತ್ತದೆ.

6. ಕೆರೆಯಲ್ಲಿ ನೊರೆ, ದುರ್ವಾಸನೆ, ಮೀನು ಸಾಯುವುದು ಕಂಡುಬಂದರೆ ಸ್ಥಳ ಮತ್ತು ಸಮಯವನ್ನು ಕರಾರುವಾಕ್ಕಾಗಿ ಬರೆದು, ಫೋಟೋ ಸಹಿತ ಪಂಚಾಯಿತಿಗೆ ಹಾಗೂ ಸಣ್ಣ ನೀರಾವರಿ ಇಲಾಖೆಗೆ ತಿಳಿಸಿರಿ. ಸಮಯ ನಿಖರವಾಗಿದ್ದರೆ ಮಾತ್ರ ಅದನ್ನು ಘಟಕದ ಸ್ಕಾಡಾ ದಾಖಲೆಯೊಂದಿಗೆ ತಾಳೆ ನೋಡಿ ಕಾರಣವನ್ನು ಗುರುತಿಸಲು ಸಾಧ್ಯ.

ಸಾರಾಂಶ

ಸ್ಕಾಡಾ ತಂತ್ರಾಂಶವು ಎಡೆಬಿಡದೆ ಕಾಯುವ ಕಾವಲುಗಾರ. ಆದರೆ ಅದು ನೀರಿನ ಗುಣಮಟ್ಟದ ಪ್ರಮಾಣಪತ್ರವಲ್ಲ. ಆಮ್ಲಜನಕ, ಹರಿವು, ರಸಸಾರಗಳ ವಿಷಯದಲ್ಲಿ ಅದರ ದಾಖಲೆ ಅಮೂಲ್ಯ. ಲವಣ, ಭಾರಲೋಹ, ರೋಗಾಣುಗಳ ವಿಷಯದಲ್ಲಿ ಪ್ರಯೋಗಾಲಯದ ಪರೀಕ್ಷೆಗೆ ಪರ್ಯಾಯವಿಲ್ಲ. ನಗರದ ನಿಯಂತ್ರಣ ಕೊಠಡಿಯ ಅಂಕಿಯೂ ಹೊಲದ ಕೊಳವೆಬಾವಿಯ ಪರೀಕ್ಷಾ ವರದಿಯೂ ಒಂದೇ ಮೇಜಿನ ಮೇಲೆ ಬಂದಾಗಲಷ್ಟೇ ಈ ನೀರಿನ ಬಗೆಗೆ ಖಚಿತವಾಗಿ ಮಾತನಾಡಲು ಬರುತ್ತದೆ. ಆ ಎರಡನೆಯ ಕಾಗದವನ್ನು ಸಿದ್ಧಪಡಿಸಿಕೊಳ್ಳುವ ಹೊಣೆ ರೈತ ಬಾಂಧವರ ಮೇಲಿದೆ. ಮಾದರಿ ಪರೀಕ್ಷೆ ಹಾಗೂ ವರದಿಯ ವಿವರಣೆಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು.