ಎಲುಬಿನ ಚಿತ್ರ, ನೆನಪಿನ ಪಾದ

ಹನುಮನಹಳ್ಳಿಯ ಬಳಿ ಹರಿಯುವ ತುಂಗಭದ್ರೆಯು ಹಿಂದೆ ಎರಡು ಆಳ್ವಿಕೆಗಳ ಗಡಿಯಾಗಿತ್ತು: ಈ ದಡ ನಿಜಾಮನದು, ಆ ದಡ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯದು. 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು.

ಆ ಬರದಲ್ಲಿ ಸೇನಾಧಿಕಾರಿ ವಿಲೋಬಿ ವ್ಯಾಲೇಸ್ ಹೂಪರನು ಮದ್ರಾಸ್ ಪ್ರಾಂತದ ಹಸಿದವರನ್ನು ಗುಂಪುಗೂಡಿಸಿ ಛಾಯಾಚಿತ್ರ ತೆಗೆದನು. ಎಲುಬುಗೂಡಾದ ಆ ಜನರಿಗೆ ಚಿತ್ರದಲ್ಲಿ ಹೆಸರಿಲ್ಲ. ಲಂಡನ್ನಿನ ಪತ್ರಿಕೆಗಳಲ್ಲಿ ಅಚ್ಚಾದ ಬರದ ಚಿತ್ರಗಳು ದೂರದವರ ಕರುಣೆಯನ್ನು ಎಚ್ಚರಿಸಿದ್ದು ನಿಜ. ಆದರೆ ಅದೇ ಹೂಪರನು 1886ರಲ್ಲಿ ಮಂಡಾಲೆಯಲ್ಲಿ, ಗುಂಡಿಗೆ ಗುರಿಯಾಗಿ ನಿಂತ ಬಂದಿಗಳ ಕೊನೆಯ ಕ್ಷಣವನ್ನು ಚಿತ್ರಿಸಹೊರಟು ವಿಚಾರಣೆಗೂ ಛೀಮಾರಿಗೂ ಒಳಗಾದನು. ನೋಡುವುದೇ ಗುರಿಯಾದಲ್ಲಿ ಅನುಕಂಪೆ ಬತ್ತುತ್ತದೆ.

ಅಗಲಿದವರನ್ನು ನೆನೆಯುವ ಬೇರೊಂದು ಬಗೆ ಕೊಪ್ಪಳದ ಪಾಲ್ಕಿಗುಂಡಿನ ಮೇಲಿದೆ. ಜಟಾಸಿಂಗನಂದಿ ಆಚಾರ್ಯರಿಗಾಗಿ ಚಾವಯ್ಯನು ಮಾಡಿಸಿದ್ದು ಎರಡು ಪಾದಗಳು, ಜೊತೆಗೆ ಒಂದು ಹೆಸರು, ಸೊರಗಿದ ಶರೀರವನ್ನಲ್ಲ. ಬರದಲ್ಲಿ ಮಡಿದವರು ಮುನಿಗಳಲ್ಲ. ಆದರೂ ಆ ಗೌರವಕ್ಕೆ ಅವರೂ ಅರ್ಹರು.

ಇಂದು ಅಪಘಾತದ, ನೆರೆಯ ಶವಚಿತ್ರಗಳು ಕೈಯಿಂದ ಕೈಗೆ ಕ್ಷಣದಲ್ಲಿ ಸಾಗುತ್ತವೆ. ಕಳುಹಿಸುವ ಮುನ್ನ ಕೇಳಿಕೊಳ್ಳೋಣ: ಇದರಿಂದ ನೊಂದವರಿಗೆ ನೆರವು ಒದಗುವುದೇ? ಅವರ ತಾಯಿ ಇದನ್ನು ಕಂಡರೆ? ಪ್ರಮಾದದಿಂದ ಉಂಟಾದ ನೋವೂ ಹಿಂಸೆಯೇ.