ಮಕ್ಕಳ ಸಣ್ಣಪುಟ್ಟ ಅಪರಾಧ ವಿಚಾರಿಸುವ ಜಡ್ಜ್‌ಗೆ ವಿಶೇಷ ತರಬೇತಿ ಕಡ್ಡಾಯವೇ?

“ಹುಡುಗ ಮೊಬೈಲ್ ಕದ್ದ, ಇನ್ನು ಜೈಲೇ ಗತಿ” ಎನ್ನುತ್ತದೆ ಒಂದು ಫಾರ್ವರ್ಡ್. “18 ತುಂಬಿಲ್ಲ ಅಂದ್ರೆ ಕೇಸೇ ಇಲ್ಲ” ಎನ್ನುತ್ತದೆ ಇನ್ನೊಂದು. ಎರಡೂ ತಪ್ಪು. ಹಾಗಾದರೆ ನಿಜವೇನು? ನೋಡೋಣ.

ಹೊಸಪೇಟೆ ತಾಲ್ಲೂಕಿನ ಗಾದಿಗನೂರಿನ 15 ವರ್ಷದ ಹುಡುಗನೊಬ್ಬ ಬಸ್‌ನಲ್ಲಿ ಯಾರದೋ ಮೊಬೈಲ್ ಕದ್ದ ಎಂದುಕೊಳ್ಳಿ. ಇದು ಉದಾಹರಣೆ ಮಾತ್ರ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ, ಗರಿಷ್ಠ 3 ವರ್ಷದವರೆಗೆ ಶಿಕ್ಷೆ ಇರುವ ಅಪರಾಧ ‘ಸಣ್ಣ ಅಪರಾಧ’. ಸಾಮಾನ್ಯ ಕಳವು ಇದರಲ್ಲೇ ಬರುತ್ತದೆ. ಅವನನ್ನು ಲಾಕಪ್‌ಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಆದರೆ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಬಂದೇ ಬರುತ್ತದೆ.

ಮಂಡಳಿಯಲ್ಲಿ ಯಾರಿರುತ್ತಾರೆ?

ಒಟ್ಟು ಮೂವರು. ಒಬ್ಬರು ಪ್ರಧಾನ ಮ್ಯಾಜಿಸ್ಟ್ರೇಟ್. ಅವರಿಗೆ ಕನಿಷ್ಠ 3 ವರ್ಷ ಅನುಭವ ಇರಬೇಕು. ಉಳಿದ ಇಬ್ಬರು ಸಮಾಜ ಕಾರ್ಯಕರ್ತರು. ಅವರಲ್ಲಿ ಒಬ್ಬರಾದರೂ ಮಹಿಳೆ ಆಗಿರಬೇಕು. ಇವರು ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣಕ್ಕಾಗಿ ಕನಿಷ್ಠ 7 ವರ್ಷ ದುಡಿದಿರಬೇಕು. ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನು ಪದವಿ ಪಡೆದು ವೃತ್ತಿಯಲ್ಲಿರಬೇಕು.

ತರಬೇತಿ ಕಡ್ಡಾಯವೇ?

ಹೌದು. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ನೇಮಕವಾದ 60 ದಿನದೊಳಗೆ ಮ್ಯಾಜಿಸ್ಟ್ರೇಟ್ ಸೇರಿ ಮೂವರಿಗೂ ತರಬೇತಿ ಆಗುವಂತೆ ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಹೊಣೆ. ಮಕ್ಕಳ ಪಾಲನೆ, ರಕ್ಷಣೆ, ಪುನರ್ವಸತಿ, ಕಾನೂನು ಮತ್ತು ಮಕ್ಕಳಿಗೆ ನ್ಯಾಯ ಇದರ ವಿಷಯಗಳು.

ಇಲ್ಲೊಂದು ವ್ಯತ್ಯಾಸ ಗಮನಿಸಿ. 2000ದ ಹಳೆಯ ಕಾಯ್ದೆಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮಕ್ಕಳ ಕಲ್ಯಾಣದಲ್ಲಿ ವಿಶೇಷ ಜ್ಞಾನ ಇಲ್ಲವೇ ತರಬೇತಿ ಇದ್ದ ಮ್ಯಾಜಿಸ್ಟ್ರೇಟ್‌ರನ್ನು ಮಾತ್ರ ನೇಮಿಸಬೇಕಿತ್ತು. ಈಗ ಮೊದಲು ನೇಮಕ, ಆಮೇಲೆ ತರಬೇತಿ. ಆದ್ದರಿಂದ ಆ 60 ದಿನದ ಗಡುವು ಬಹಳ ಮುಖ್ಯ. ಅದು ತಪ್ಪಿದರೆ ತರಬೇತಿ ಇಲ್ಲದವರ ಮುಂದೆಯೇ ಮಗು ನಿಲ್ಲಬೇಕಾಗುತ್ತದೆ.

ತರಬೇತಿ ಏಕೆ ಬೇಕು?

ಹೆದರಿದ ಮಗು ಕೇಳಿದ್ದಕ್ಕೆಲ್ಲ ‘ಹೂಂ’ ಅನ್ನಬಹುದು, ಇಲ್ಲವೇ ಬಾಯಿ ಬಿಡದಿರಬಹುದು. ಅದನ್ನೇ ತಪ್ಪೊಪ್ಪಿಗೆ ಅಥವಾ ಮೊಂಡುತನ ಎಂದುಕೊಂಡರೆ ನ್ಯಾಯ ಹಳಿ ತಪ್ಪುತ್ತದೆ. ಮಾಮೂಲಿ ಕೋರ್ಟಿನಲ್ಲಿ ‘ಕದ್ದನೋ ಇಲ್ಲವೋ’ ಎಂಬುದು ದೊಡ್ಡ ಪ್ರಶ್ನೆ. ಇಲ್ಲಿ ‘ಏಕೆ ಕದ್ದ, ಮತ್ತೆ ಕದಿಯದಂತೆ ಏನು ಮಾಡಬೇಕು’ ಎಂದೂ ಕೇಳಬೇಕು. ಬುದ್ಧಿ ಹೇಳಿ ಮನೆಗೆ ಕಳಿಸುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಹೆತ್ತವರಿಗೆ ದಂಡ, ಗರಿಷ್ಠ 3 ವರ್ಷ ವಿಶೇಷ ಗೃಹ: ಇವುಗಳಲ್ಲಿ ಆ ಮಗುವಿಗೆ ಯಾವುದು ಸರಿ ಎಂದು ಮಂಡಳಿ ತೀರ್ಮಾನಿಸುತ್ತದೆ. ಮಂಡಳಿಯ ಕೊಠಡಿ ಕೋರ್ಟಿನಂತೆ ಕಾಣಬಾರದು, ಸದಸ್ಯರು ಎತ್ತರದ ಪೀಠದಲ್ಲಿ ಕೂರಬಾರದು ಎಂದು 2016ರ ಮಾದರಿ ನಿಯಮಗಳು ಹೇಳುತ್ತವೆ.

ಸಣ್ಣ ಅಪರಾಧದ ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು. ಮಂಡಳಿ ಇನ್ನೆರಡು ತಿಂಗಳು ವಿಸ್ತರಿಸಬಹುದು. ಆಗಲೂ ಮುಗಿಯದಿದ್ದರೆ ಪ್ರಕರಣವೇ ರದ್ದಾಗುತ್ತದೆ.

ನೀವೇನು ಮಾಡಬಹುದು?

• ನಿಮ್ಮ ಜಿಲ್ಲೆಯ ಮಂಡಳಿ ಸದಸ್ಯರಿಗೆ ಯಾವಾಗ ತರಬೇತಿ ಆಗಿದೆ ಎಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಆರ್‌ಟಿಐ ಅರ್ಜಿ ಹಾಕಿ ಕೇಳಬಹುದು.
• ಮಕ್ಕಳ ಸಹಾಯವಾಣಿ 1098. ಉಚಿತ ಕಾನೂನು ನೆರವಿಗೆ 15100.
• ಸಿಕ್ಕಿಬಿದ್ದ ಮಗುವಿನ ಫೋಟೋ, ವಿಡಿಯೋ, ಹೆಸರು, ಊರು, ಶಾಲೆಯ ವಿವರ ಹಂಚಬೇಡಿ. ಮಗುವಿನ ಗುರುತು ಬಹಿರಂಗಪಡಿಸಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಸಣ್ಣ ತಪ್ಪು ಮಾಡಿದ ಮಗುವಿನ ಮುಂದಿನ ಓದಿಗೆ, ಕೆಲಸಕ್ಕೆ ಅಡ್ಡಿ ಆಗಬಾರದು ಎಂಬುದು ಕಾನೂನಿನ ಆಶಯ. ಮಂಡಳಿ ಮುಗಿಸಿದ ಪ್ರಕರಣ ಫೋನಿನಿಂದ ಫೋನಿಗೆ ಹರಿದಾಡುತ್ತಲೇ ಇದ್ದರೆ ಆ ಆಶಯ ಈಡೇರುವುದಿಲ್ಲ. ಫಾರ್ವರ್ಡ್ ಮಾಡಲೇಬೇಕೆಂದರೆ ಈ ಮಾಹಿತಿಯನ್ನು ಮಾಡಿ, ಮಗುವಿನ ವಿಡಿಯೋವನ್ನಲ್ಲ.