ಕೆಳಗಿಳಿಯುವವರ ಧೈರ್ಯ

ಬೀದರಿನ ಆಕಾಶ ನಿಶ್ಶಬ್ದವಾಗಿರುವುದು ಅಪರೂಪ. ಇಲ್ಲಿನ ವಾಯುನೆಲೆಯಲ್ಲಿ 1996ರಲ್ಲಿ ‘ಸೂರ್ಯಕಿರಣ’ ವೈಮಾನಿಕ ಪ್ರದರ್ಶನ ತಂಡ ರೂಪುಗೊಂಡಿತು. 2008ರಿಂದ ‘ಹಾಕ್’ ವಿಮಾನಗಳಲ್ಲಿ ಯುವ ಪೈಲಟ್‌ಗಳು ತರಬೇತಿ ಪಡೆಯುತ್ತಿದ್ದಾರೆ. ಅವರು ಮೇಲೇರುವುದನ್ನು ನೋಡುವುದು ನಮ್ಮ ಮಕ್ಕಳಿಗೆ ಹಬ್ಬ. ಆದರೆ ಆಕಾಶದಿಂದ ಕೆಳಗಿಳಿಯುವುದನ್ನೇ ಕರ್ತವ್ಯವಾಗಿ ಸ್ವೀಕರಿಸಿದ ಯೋಧರನ್ನು ನಾವು ಅಷ್ಟಾಗಿ ಅರಿತಿಲ್ಲ. ಹೆಲಿಕಾಪ್ಟರಿನಿಂದ ಉಕ್ಕಿನ ಹಗ್ಗದ ಮೂಲಕ ನೀರಿಗಿಳಿದು, ಮುಳುಗುತ್ತಿರುವವರನ್ನು ಎತ್ತಿ ತರುವ ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯ ಮುಳುಗುಗಾರರು ಅವರು.

ಈ ಕಾರ್ಯ ಒಬ್ಬನ ಸಾಹಸವಲ್ಲ. ತನ್ನ ಕಾಲಡಿಯಲ್ಲಿ ಏನಾಗುತ್ತಿದೆ ಎಂಬುದು ಪೈಲಟ್‌ಗೆ ನೇರವಾಗಿ ಕಾಣದು. ಬಾಗಿಲಲ್ಲಿ ಕುಳಿತು ಹಗ್ಗವನ್ನು ನಿಯಂತ್ರಿಸುವ ಸಹೋದ್ಯೋಗಿ ‘ಮುಂದೆ’, ‘ಬಲಕ್ಕೆ’, ‘ನಿಲ್ಲಿ’ ಎಂದು ಹೇಳುವ ಮಾತೇ ಅವರಿಗೆ ಕಣ್ಣು. ಕೆಳಗಿರುವವರ ಪ್ರಾಣ ಮೇಲಿನ ಈ ಇಬ್ಬರ ಕೈಯಲ್ಲಿರುತ್ತದೆ. ಮುಳುಗುತ್ತಿರುವ ವ್ಯಕ್ತಿ ಭಯದಿಂದ ರಕ್ಷಕನನ್ನೇ ಅಪ್ಪಿ ಮುಳುಗಿಸಬಲ್ಲನಾದ್ದರಿಂದ ಅವನನ್ನು ಸಮೀಪಿಸುವುದಕ್ಕೂ ಕ್ರಮವಿದೆ. ಇಲ್ಲಿ ಬೇಕಾದುದು ಆವೇಶವಲ್ಲ, ಶಾಂತಚಿತ್ತ.

ಈ ಮನೋಧರ್ಮಕ್ಕೆ ನೀರೇ ಬೇಕೆಂದಿಲ್ಲ. 1992ರ ಅಕ್ಟೋಬರ್‌ನಲ್ಲಿ ಹಿಮಾಚಲ ಪ್ರದೇಶದ ಪರ್ವಾನೂ ಬಳಿ ರೋಪ್‌ವೇಯ ಹಗ್ಗ ತುಂಡಾಗಿ ಪ್ರಯಾಣಿಕರು ಕಣಿವೆಯ ಮೇಲೆ ತೂಗುತ್ತ ಉಳಿದರು. ಫಾಲಿ ಹೋಮಿ ಮೇಜರ್ ಅವರ ಹೆಲಿಕಾಪ್ಟರಿನಿಂದ ಆ ತೊಟ್ಟಿಲಿಗೆ ಇಳಿದವರು ಸೈನ್ಯದ ಪ್ಯಾರಾ ದಳದ ಅಧಿಕಾರಿ ಇವಾನ್ ಜೋಸೆಫ್ ಕ್ರಾಸ್ಟೊ. ಕೆಲವರನ್ನು ಮೇಲಕ್ಕೆ ಕಳುಹಿಸುವಷ್ಟರಲ್ಲಿ ಕತ್ತಲಾಯಿತು. ಕ್ರಾಸ್ಟೊ ಹಿಂತಿರುಗಲಿಲ್ಲ, ಉಳಿದವರಿಗೆ ಧೈರ್ಯ ತುಂಬುತ್ತ ಇಡೀ ರಾತ್ರಿ ಅವರೊಡನೆಯೇ ಇದ್ದರು. ಮರುದಿನ ಅವರೂ ಪಾರಾದರು. ಕ್ರಾಸ್ಟೊ ಅವರಿಗೆ ಕೀರ್ತಿಚಕ್ರ ಸಂದಿತು. ಫಾಲಿ ಮೇಜರ್ 2007ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು.

2018ರ ಆಗಸ್ಟ್ 17ರಂದು ಕೇರಳದ ಆಲುವಾ ಪ್ರವಾಹದಲ್ಲಿ ಸಿಲುಕಿದ್ದ ತುಂಬು ಗರ್ಭಿಣಿಯೊಬ್ಬರ ಬಳಿಗೆ ನೌಕಾಪಡೆಯ ಹೆಲಿಕಾಪ್ಟರ್ ಬಂತು. ಅದನ್ನು ನಡೆಸುತ್ತಿದ್ದವರು ಕಮಾಂಡರ್ ವಿಜಯ್ ವರ್ಮ. ಆಕೆಯನ್ನು ಎತ್ತುವುದು ಕ್ಷೇಮವೇ ಎಂದು ಪರೀಕ್ಷಿಸಲು ಮೊದಲು ವೈದ್ಯರೊಬ್ಬರನ್ನು ಇಳಿಸಲಾಯಿತು. ಬಳಿಕವೇ ಆಕೆಯನ್ನು ಮೇಲೆತ್ತಿದರು. ಅದೇ ದಿನ ಕೊಚ್ಚಿಯ ನೌಕಾ ಆಸ್ಪತ್ರೆಯಲ್ಲಿ ಗಂಡು ಮಗು ಜನಿಸಿತು. ಮರುವರ್ಷದ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರೆ ಉಕ್ಕಿ, ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಲುಕಿದರು. ಅವರ ನೆರವಿಗೆ ಹೊರಟ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿ, ರಕ್ಷಕರನ್ನೇ ರಕ್ಷಿಸಬೇಕಾಯಿತು. ಕೊನೆಗೆ ಹೆಲಿಕಾಪ್ಟರುಗಳೂ ಪ್ರವಾಸಿಗರನ್ನು ಹೊರತಂದವು.

ಎಲ್ಲ ಸಲವೂ ಕಥೆ ಹೀಗೆ ಮುಗಿಯುವುದಿಲ್ಲ. 2024ರ ಸೆಪ್ಟೆಂಬರ್ 2ರ ರಾತ್ರಿ, ಹಡಗೊಂದರಲ್ಲಿದ್ದ ಗಾಯಾಳುವನ್ನು ಕರೆತರಲು ಹೊರಟ ಕರಾವಳಿ ಕಾವಲು ಪಡೆಯ ಹೆಲಿಕಾಪ್ಟರ್ ಗುಜರಾತಿನ ಪೋರಬಂದರ್ ಬಳಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ ನಾಲ್ವರಲ್ಲಿ ಒಬ್ಬ ಮುಳುಗುಗಾರ ಮಾತ್ರ ಬದುಕುಳಿದರು. ಅಪರಿಚಿತನೊಬ್ಬನಿಗಾಗಿ ಹೊರಟ ಮೂವರು ಮರಳಲಿಲ್ಲ.

ಸಮುದ್ರ ನಮ್ಮಿಂದ ದೂರ, ನಿಜ. ಆದರೆ ಮಾಂಜ್ರಾ ನದಿ ಭಾಲ್ಕಿ, ಔರಾದ್ ಸೀಮೆಯ ಊರುಗಳಿಗೆ ಹತ್ತಿರ. ಮಳೆಗಾಲದಲ್ಲಿ ಅದು ತುಂಬಿದಾಗ, ಕಾರಂಜಾ ಜಲಾಶಯದ ನೀರೂ ಸೇರಿ ಬಂದಾಗ, ದಂಡೆಯ ಹೊಲಗಳು ಜಲಾವೃತವಾಗುವುದು ನಾವು ಕಂಡದ್ದೇ. ನೀರಿನಲ್ಲಿ ಮುಳುಗಿದ ಸೇತುವೆಯ ಮೇಲೆ ‘ಏನಾಗುತ್ತದೆ ನೋಡೋಣ’ ಎಂದು ಬೈಕ್ ದಾಟಿಸುವವರನ್ನೂ ಕಂಡಿದ್ದೇವೆ. ಆ ಒಂದು ಕ್ಷಣದ ಹುಂಬತನಕ್ಕೆ ಯಾರೋ ಒಬ್ಬರು ತಮ್ಮ ಪ್ರಾಣವನ್ನು ಹಗ್ಗಕ್ಕೆ ಕಟ್ಟಿಕೊಂಡು ಇಳಿಯಬೇಕಾಗುತ್ತದೆ. ಅವರು ಇಳಿದೇ ಇಳಿಯುತ್ತಾರೆ. ನೀನೇಕೆ ದಾಟಿದೆ ಎಂದು ಆ ಹೊತ್ತಿನಲ್ಲಿ ಕೇಳುವುದಿಲ್ಲ. ಅವರು ಕೇಳದ ಆ ಪ್ರಶ್ನೆಯನ್ನು ನದಿಗಿಳಿಯುವ ಮುನ್ನ ನಾವೇ ಕೇಳಿಕೊಳ್ಳುವುದು, ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.